ಮೂಲೆ ಕೋಣೆಯ ಕೂಸು

ನನ್ನ ಮದುವೆಯಾದ ವರ್ಷವೇ ನಮ್ಮವರಿಗೆ ಯಲಬುರ್ಗಾದಿಂದ ಗಂಗಾವತಿಗೆ ವರ್ಗವಾಯಿತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಕಾಲುವೆ ನೀರು, ಭತ್ತ, ಗಿರಣಿ ಎಂದು ಊರಿಗೆ ನಾಲ್ಕೂ ಕಡೆಯಿಂದ ಜನ ಬಂದು ಸೇರುತ್ತಿದ್ದ ಕಾಲ. ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಸಿಕ್ಕ ಒಂದೆರಡು ಕಡೆಯೂ ಮೊದಲು ಜಾತಿ ಕೇಳಿ, ಆಮೇಲೆ "ನೋಡೋಣ ತಗೋರಿ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಮನೆ ಸಿಗುವ ತನಕ ಇರಲಿ ಎಂದು ನಮ್ಮವರು ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದು, ಕುಷ್ಟಗಿಯ ತವರಿನಲ್ಲಿದ್ದ ನನ್ನನ್ನು ಕರೆದುಕೊಂಡು ಬಂದರು.

ಬಸ್ ನಿಲ್ದಾಣದ ಹತ್ತಿರ ಒಳ್ಳೆಯ ಲಾಡ್ಜುಗಳಿದ್ದವು. ಆನೆಗೊಂದಿ, ಹಂಪಿ ನೋಡಲು ಹೋಗುವ ಸಂಸಾರಸ್ಥರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ನಮ್ಮದು ಊರ ಅಂಚಿನಲ್ಲಿ, ಅಕ್ಕಿ ಗಿರಣಿಗಳ ಓಣಿಯಲ್ಲಿತ್ತು. ಕಿಟಕಿ ತೆರೆದರೆ ಹಾಸಿಗೆ ಮೇಲೆ ತೌಡಿನ ಧೂಳು, ಮುಚ್ಚಿದರೆ ಸೆಕೆ. ಕುದಿಸಿದ ಭತ್ತದ ವಾಸನೆ ಸೀರೆಗೆ, ತಲೆಗೂದಲಿಗೆ ಹತ್ತಿಕೊಂಡುಬಿಟ್ಟಿತ್ತು. ಇಳಿದುಕೊಳ್ಳುತ್ತಿದ್ದವರು ಲಾರಿ ಡ್ರೈವರುಗಳು, ಭತ್ತದ ದಲಾಲಿಗಳು, ಆಂಧ್ರದ ಕಡೆಯಿಂದ ಬರುವ ಗೊಬ್ಬರದ ಏಜೆಂಟರು. ಹೆಂಗಸು ಎಂದರೆ ನಾನೊಬ್ಬಳೇ.

"ಒಳಗ ಚಿಲಕಾ ಹಾಕ್ಕೊಂಡ ಕುಂಡ್ರು. ಯಾರ ಬಡಿದ್ರೂ ಬಾಗಲಾ ತಗೀಬ್ಯಾಡ," ಎಂದು ಹೇಳಿ ನಮ್ಮವರು ಕಚೇರಿಗೆ ಹೋಗುತ್ತಿದ್ದರು. ಬಚ್ಚಲು ವರಾಂಡದ ಆ ತುದಿಗಿತ್ತು. ಹೆಜ್ಜೆ ಸಪ್ಪಳ ನಿಂತಿತೆಂದು ಖಾತ್ರಿ ಮಾಡಿಕೊಂಡು ಓಡಿಹೋಗಿ ಓಡಿಬರುತ್ತಿದ್ದೆ. ಒಮ್ಮೊಮ್ಮೆ ಯಾರೋ ನಮ್ಮ ಬಾಗಿಲ ಮುಂದೆ ನಿಂತು ಬೇಕಂತಲೇ ಕೆಮ್ಮಿ ಮುಂದೆ ಹೋಗುತ್ತಿದ್ದರು. ಅವರ ನೆರಳು ಬಾಗಿಲ ಕೆಳಗಿನಿಂದ ಸರಿಯುವವರೆಗೂ ನಾನು ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ.

ಶ್ರಾವಣದ ಒಂದು ಸಂಜೆ ಮೂಲೆ ಕೋಣೆಗೆ ಹೆಂಗಸೊಬ್ಬಳು ಬಂದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಂಕುಳಲ್ಲಿ ಕೂಸು, ಕೈಯಲ್ಲೊಂದು ಚೀಲ. ಜೊತೆಗೆ ಗಂಡಸರಿಲ್ಲ. ಒಂಟಿ ಹೆಂಗಸಿಗೆ ಕೋಣೆ ಕೊಡುವವರಲ್ಲ ಲಾಡ್ಜಿನ ಯಜಮಾನರು. ಹಣೆಗೆ ವಿಭೂತಿ ಹಚ್ಚಿಕೊಂಡು ಕೆಳಗೆ ಮೇಜಿನ ಹಿಂದೆ ಕೂತಿರುತ್ತಿದ್ದ ಹಿರಿಯರು ಅವರು. ಜಿಟಿಜಿಟಿ ಮಳೆಯಲ್ಲಿ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತವಳನ್ನು ನೋಡಿ ಅವತ್ತು ಇಲ್ಲವೆನ್ನಲಾಗಲಿಲ್ಲವಂತೆ.

ಮರುದಿನ ಬೆಳಿಗ್ಗೆ ನಮ್ಮವರು ಕಚೇರಿಗೆ ಹೋದ ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ನಾನು ಮಾತಾಡಲಿಲ್ಲ.

"ಅಕ್ಕಾರ, ನಾನ್ರಿ, ಮೂಲಿ ರೂಮಿನಾಕಿ."

ತೆಗೆದೆ. ಕೂಸು ಅವಳ ಹೆಗಲ ಮೇಲೆ ಮಲಗಿತ್ತು.

"ಅಕ್ಕಾರ, ಇಲ್ಲೇ ಒಂದ ಊರಿಗೆ ಹೋಗಿ ಬರೋದೈತ್ರಿ. ಇವನ್ನ ಸ್ವಲ್ಪ ನೋಡ್ಕೋರಿ. ಮಧ್ಯಾಹ್ನದೊಳಗ ಬಂದಬಿಡ್ತೀನಿ."

"ನನಗ ಕೂಸು ಆಡಿಸಿ ಗೊತ್ತಿಲ್ಲವಾ. ನೀನ ಕರ್ಕೊಂಡು ಹೋಗಬಾರದನು?"

"ಅಲ್ಲಿಗೆ ಇವನ್ನ ಒಯ್ಯಾಕ ಬರಂಗಿಲ್ರಿ." ಅವಳ ಕಣ್ಣು ತುಂಬಿ ಬಂದವು. "ಈಗ ಹೊಟ್ಟಿ ತುಂಬ ಕುಡದಾನ. ಮಲಗ್ತಾನ. ನಿಮ್ಮ ಕಾಲ ಬೀಳ್ತೀನ್ರಿ."

ನಾನು ಹೂಂ ಎಂದೆನೋ ಇಲ್ಲವೋ, ಕೂಸು ನನ್ನ ಕೈಯಲ್ಲಿತ್ತು. ಅವಳು ಒಮ್ಮೆಯೂ ತಿರುಗಿ ನೋಡದೆ ಮೆಟ್ಟಿಲಿಳಿದು ಹೋದಳು.

ತವರಿನಲ್ಲಿ ನಾನೇ ಕೊನೆಯ ಮಗಳು. ಕೂಸನ್ನು ಎತ್ತಿ ಆಡಿಸಿದವಳೇ ಅಲ್ಲ. ಕುತ್ತಿಗೆ ಎಲ್ಲಿ ಜೋಲುತ್ತದೋ ಎಂದು ಹೆದರಿ, ಕುಳಿತಲ್ಲೇ ಕಾಲು ಮಡಚಿಕೊಂಡು ಮಡಿಲಲ್ಲಿ ಇಟ್ಟುಕೊಂಡೆ. ಗಂಡು ಕೂಸು. ಹಣೆಗೆ, ಕೆನ್ನೆಗೆ ದೃಷ್ಟಿಬೊಟ್ಟು. ಮಧ್ಯಾಹ್ನದವರೆಗೆ ಚೆನ್ನಾಗಿಯೇ ಮಲಗಿತ್ತು. ಎದ್ದದ್ದೇ ನನ್ನ ಮುಖ ನೋಡಿತು, ತುಟಿ ಸೊಟ್ಟ ಮಾಡಿತು, ಚೀರಲು ಶುರು ಮಾಡಿತು. ಗಿರಣಿಯ ಸದ್ದನ್ನೂ ಮೀರಿಸುವ ಅಳು. ಹೊಸ್ತಿಲಲ್ಲಿ ನಿಂತು ಮೆಟ್ಟಿಲ ಕಡೆ ನೋಡಿದೆ. ವರಾಂಡದಲ್ಲಿ ನಿಂತು ರಸ್ತೆ ನೋಡಿದೆ. ಅವಳ ಸುಳಿವಿಲ್ಲ.

ಕೂಸಿನ ಮುಖ ಕೆಂಪಗಾಗಿ ಉಸಿರು ಕಟ್ಟಿದಂತಾದಾಗ ನನ್ನ ಚಿಲಕ ಗಿಲಕ ಎಲ್ಲ ಮರೆತುಹೋಯಿತು. ಎತ್ತಿಕೊಂಡು ಕೆಳಗಿಳಿದು, ರಸ್ತೆ ದಾಟಿ, ಎದುರಿಗೆ ಎಮ್ಮೆ ಸಾಕಿಕೊಂಡಿದ್ದ ಅಜ್ಜಿಯ ಮನೆಗೆ ಹೋದೆ.

"ಎಷ್ಟ ತಿಂಗಳ ಕೂಸು ಯವ್ವಾ?" ಎಂದು ಕೇಳಿದಳು ಅಜ್ಜಿ.

"ಗೊತ್ತಿಲ್ಲಬೇ."

"ಹಡದಾಕಿಗೆ ಗೊತ್ತಿಲ್ಲಂದ್ರ?"

"ನಂದಲ್ಲಬೇ ಇದು."

ಅಜ್ಜಿ ನನ್ನನ್ನೇ ನೋಡಿದಳು. ಆದರೂ ಹಾಲಿಗೆ ನೀರು ಬೆರೆಸಿ ಕಾಯಿಸಿ, ಕೊಕ್ಕಿನಂಥ ಮೂತಿಯ ಒಳಲೆಯಲ್ಲಿ ಹಾಕಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಒಳಲೆಯನ್ನು ನನಗೇ ಕೊಟ್ಟು ಕಳಿಸಿದಳು. ನಾನು ಲಾಡ್ಜಿಗೆ ಮರಳುವಷ್ಟರಲ್ಲಿ ಸುದ್ದಿ ಓಣಿ ತುಂಬ ಹರಡಿತ್ತು. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿ ನೋಡಿದರು.

ಯಜಮಾನರು ಮೇಲೆ ಬಂದರು. ಮೂಲೆ ಕೋಣೆಯ ಬಾಗಿಲು ತೆರೆದು ನೋಡಿದೆವು. ಚೀಲ ಇರಲಿಲ್ಲ. ಕಿಟಕಿಯ ಸರಳಿಗೆ ಕೂಸಿನ ಅರಿವೆಗಳನ್ನು ಒಗೆದು ಹರವಿದ್ದಳು.

"ಬಿಟ್ಟ ಹೋಗ್ಯಾಳ ತಂಗಿ," ಎಂದರು ಯಜಮಾನರು. "ನಂದ ತಪ್ಪು. ಒಬ್ಬಾಕಿ ಬಂದಾಳಂದ್ರ ವಿಚಾರ ಮಾಡಬೇಕಿತ್ತು."

"ಇಲ್ರಿ ಕಾಕಾ. ಬಿಟ್ಟ ಹೋಗೋ ಮನಸಿದ್ರ ಅರಿವಿ ಯಾಕ ಒಗೀತಿದ್ಲು?"

"ಕೂಸನ್ನ ಬಿಟ್ಟಾಕಿಗೆ ಅರಿವಿ ಯಾವ ದೊಡ್ಡದು?"

ಅರಿವೆಗಳನ್ನು ತೆಗೆದುಕೊಂಡು ಬಂದೆ. ಇನ್ನೂ ಹಸಿಯಿದ್ದವು.

ಸಂಜೆ ನಮ್ಮವರು ಬಂದು ಕೂಸನ್ನು ನೋಡಿ ಬಾಗಿಲಲ್ಲೇ ನಿಂತರು. ಎಲ್ಲ ಹೇಳಿದೆ. ಅವರಿಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ, ದನಿ ಇನ್ನೂ ಸಣ್ಣದಾಗುತ್ತಿತ್ತು. "ಊರು ಹೊಸಾದು. ನೌಕರಿ ಸರಕಾರದ್ದು. ನಾಳೆ ಯಾರರ ಕೂಸಿನ ಕಳ್ಳರು ಅಂದ್ರ ಏನ್ ಹೇಳ್ತಿ? ಈಗಿಂದೀಗ ಪೊಲೀಸ್ ಸ್ಟೇಶನ್ನಿಗೆ ಕೊಟ್ಟ ಬರೋಣ ನಡಿ."

"ಒಂದ ದಿನಾ ತಡೀರಿ. ಆಕಿ ಬರ್ತಾಳ."

"ನಿನಗೇನ ಗೊತ್ತು?"

ನನಗೇನೂ ಗೊತ್ತಿರಲಿಲ್ಲ. ಅವಳ ಊರು ಗೊತ್ತಿರಲಿಲ್ಲ, ಹೋದ ಊರೂ ಗೊತ್ತಿರಲಿಲ್ಲ. ಕೂಸಿನ ಹೆಸರನ್ನೂ ಕೇಳಿರಲಿಲ್ಲ. ಆದರೂ ಕೂಸನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತೆ. ಮದುವೆಯಾದ ಮೇಲೆ ಅವರ ಮಾತಿಗೆ ಮೊದಲ ಸಲ ಒಲ್ಲೆ ಎಂದದ್ದು ಅವತ್ತು. ಅವರು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋದರು. ಕೊನೆಯ ಬಸ್ಸು ಬರುವ ತನಕ ಇಳಿಯುವವರನ್ನು ನೋಡುತ್ತ ನಿಂತಿದ್ದರಂತೆ. ಒಬ್ಬರೇ ಮರಳಿದರು.

ಮರುದಿನ ಮಧ್ಯಾಹ್ನ ಅವರು ಎಂದೂ ಇಲ್ಲದಂತೆ ನಡುವೆಯೇ ಕಚೇರಿಯಿಂದ ಬಂದರು. ಮೆಟ್ಟಿಲನ್ನು ಓಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು.

"ಡ್ಯಾಮಿನ ಗೇಟು ತಗದಾರ. ಮ್ಯಾಲಿನ ಸೀಮ್ಯಾಗ ಭಾಳ ಮಳಿ ಆಗೈತಂತ. ನಿನ್ನೆ ಮಧ್ಯಾಹ್ನನ ಕಂಪ್ಲಿ ಸೇತುವಿ ಮುಳಗಿ ಬಸ್ಸು ನಿಂತಾವ. ಆಕಿನೂ ಹೊಳಿ ಆಚಿ ಹೋಗಿ ಸಿಕ್ಕೊಂಡಿರಬೇಕು."

ನನಗೆ ಕುಣಿದಾಡುವಂತಾಯಿತು. ಆದರೆ ಅವರ ಮುಖ ಅರಳಿರಲಿಲ್ಲ.

"ಇನ್ನೊಂದ ಮಾತು," ಎಂದರು. "ನೀರು ಸೇತುವಿ ಮ್ಯಾಲ ಬರಾಕತ್ತಾಗ ನಡಕೋಂತ ದಾಟಾಕ ಹೋದವ್ರೂ ಇದ್ರಂತ. ಯಾರೋ ಹರದ ಹೋದ್ರು ಅಂತ ಮಂದಿ ಆಡಿಕೊಳ್ಳಾಕತ್ತ್ಯಾರ. ಗಂಡಸೋ ಹೆಂಗಸೋ, ಯಾರಿಗೂ ಖಚಿತ ಗೊತ್ತಿಲ್ಲ."

ಕೂಸು ಹಾಸಿಗೆಯ ಮೇಲೆ ಅಂಗಾತ ಮಲಗಿ ತನ್ನ ಕಾಲ ಬೆರಳನ್ನು ಹಿಡಿಯಲು ನೋಡುತ್ತಿತ್ತು. ಬೆಳಿಗ್ಗೆಯಿಂದ ಅದಕ್ಕೆ ಮೈ ಸ್ವಲ್ಪ ಬೆಚ್ಚಗಿತ್ತು. ಎಮ್ಮೆ ಹಾಲು ಹಿಡಿಸಿರಲಿಲ್ಲ. ಎರಡು ಸಲ ಕಕ್ಕಿತ್ತು. ನಮ್ಮವರು ಮುಟ್ಟಿ ನೋಡಿ ಕಚೇರಿಗೆ ಮರಳಿದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಕೆಳಗೆ ಜೀಪು ನಿಂತಿತು. ಯಜಮಾನರು ಯಾರೋ ಗಂಡ ಹೆಂಡತಿಯನ್ನು ಕರೆದುಕೊಂಡು ಮೇಲೆ ಬಂದರು. ಊರಾಚೆ ಸ್ವಂತ ಗಿರಣಿ ಇದ್ದವರು. ಗಂಡ ಬಾಗಿಲ ಹೊರಗೇ ನಿಂತ. ಹೆಂಡತಿ ಒಳಗೆ ಬಂದು ಮಂಚದ ಅಂಚಿಗೆ ಕೂತಳು. ನಲವತ್ತರ ಹತ್ತಿರದ ಹೆಂಗಸು. ನೂಲಿನ ಸೀರೆ, ದೊಡ್ಡ ಕುಂಕುಮ. ಕೈಯಲ್ಲಿದ್ದ ಬುಟ್ಟಿಯಲ್ಲಿ ಹೊಸ ಅಂಗಿ, ಕುಲಾವಿ, ಬೆಳ್ಳಿಯ ಬಟ್ಟಲು.

"ಇವರಿಗೆ ಮಕ್ಕಳಿಲ್ಲ ತಂಗಿ," ಎಂದರು ಯಜಮಾನರು. "ಸ್ಟೇಶನ್ನಿಗೆ ಕೊಟ್ರ ಇದು ಯಾವ ಅನಾಥಾಶ್ರಮಕ್ಕ ಹೋಗ್ತೈತೋ ಯಾರ ಬಲ್ಲರು. ಇಲ್ಲಾದ್ರ ರಾಜಾನಂಗ ಬೆಳೀತೈತಿ. ನಿಮಗೂ ತ್ರಾಸಿಲ್ಲ, ನನ್ನ ಲಾಡ್ಜಿನ ಹೆಸರೂ ಕೆಡಂಗಿಲ್ಲ."

"ತಾಯಿ ಬಂದ ಕೇಳಿದ್ರ?"

"ತಾಯಿ ಇದ್ದಿದ್ರ ಇಷ್ಟೊತ್ತಿಗೆ ಬರತಿದ್ಲು."

ಆ ಹೆಂಗಸು ಅವರ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣೆಲ್ಲ ಕೂಸಿನ ಮೇಲೆ. "ಒಂದ ಸಲ ಎತ್ಕೊಳ್ಳಲೇನ್ರಿ?" ಎಂದು ನನ್ನನ್ನೇ ಕೇಳಿದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊಟ್ಟೆ.

ಅವಳು ಎತ್ತಿಕೊಂಡ ರೀತಿ ನೋಡಿದರೆ ಹತ್ತು ಹಡೆದವಳೆನ್ನಬೇಕು. ಕೂಸಿನ ಹಣೆಗೆ ಕೆನ್ನೆ ಹಚ್ಚಿದವಳು ಗಾಬರಿಯಾಗಿ "ಜ್ವರಾ ಅದಾವಲ್ರಿ!" ಎಂದಳು. ಬೆನ್ನು ಸವರಿದಳು. ಅವಳ ಹೆಗಲ ಮೇಲೆ ಕೂಸು ಸುಮ್ಮನಾಯಿತು. ನನ್ನ ಕೈಯಲ್ಲಿ ಎರಡು ದಿನ ಚಡಪಡಿಸಿದ ಕೂಸು ಅಲ್ಲಿ ಕಣ್ಣು ಮುಚ್ಚಿ ಮಲಗಿಬಿಟ್ಟಿತು. ಅವಳಿಗೇ ಕೊಡುವುದು ಒಳ್ಳೆಯದಲ್ಲವೇ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಅವಳಿಗೆ ಕೂಸು ಸಾಕಲು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ.

"ಡಾಕ್ಟರಿಗೆ ತೋರಸ್ಬೇಕು," ಎನ್ನುತ್ತ ಅವಳು ಎದ್ದಳು. ಎದ್ದವಳು ಬಾಗಿಲ ಕಡೆ ಹೆಜ್ಜೆ ಹಾಕಿದಳು. ಹೊರಗಿದ್ದ ಗಂಡ ಜೀಪಿನ ಕಡೆಗೆ ಹೊರಳಿದ. ಯಜಮಾನರು ದಾರಿ ಬಿಟ್ಟು ಸರಿದರು.

ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈ ಚೌಕಟ್ಟಿನ ಮೇಲಿದ್ದವು.

"ಬಾಗಲಾ ಬಿಟ್ಟ ಸರಿ ತಂಗಿ," ಎಂದರು ಯಜಮಾನರು.

"ಸರಿಯಂಗಿಲ್ರಿ ಕಾಕಾ. ಇದು ಕೊಟ್ಟ ಹೋಗಿದ್ದಲ್ಲ. ನೋಡ್ಕೋ ಅಂತ ನನ್ನ ಕೈಯಾಗ ಇಟ್ಟ ಹೋಗಿದ್ದು. ಆಕಿ ಬಂದ್ರ ನಾ ಏನ್ ತೋರಸ್ಲಿ?"

"ಆಕಿ ಸತ್ತಿದ್ರ?"

"ಸತ್ತ ಸುದ್ದಿನರ ಬರಲಿ."

ಯಜಮಾನರ ಮುಖ ಕಪ್ಪಿಟ್ಟಿತು. ವರಾಂಡದ ಉದ್ದಕ್ಕೂ ಬಾಗಿಲುಗಳು ತೆರೆದು ಗಂಡಸರು ಹೊರಗೆ ನಿಂತು ನೋಡುತ್ತಿದ್ದರು. ಅಷ್ಟು ದಿನ ಅವರ ನೆರಳಿಗೇ ಹೆದರಿದವಳು ನಾನು. ಅಂದು ಅವರೆಲ್ಲರ ಮುಂದೆ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದೆ ನಿಂತಿದ್ದೆ. ಗಿರಣಿಯ ಹೆಂಗಸು ನನ್ನ ಎದುರಿಗೆ ಬಂದು ನಿಂತಳು. ಕೂಸು ನಮ್ಮಿಬ್ಬರ ನಡುವೆ. ಅವಳು ತಳ್ಳಿಕೊಂಡು ಹೋಗಿದ್ದರೆ ನಾನು ಏನು ಮಾಡುತ್ತಿದ್ದೆನೋ.

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಕೂಸನ್ನು ಮೆಲ್ಲಗೆ ಹೆಗಲಿಂದ ಬಿಡಿಸಿ ನನ್ನ ಕೈಗಿಟ್ಟಳು.

"ಖರೆ ಐತಿ ನಿಮ್ಮ ಮಾತು," ಎಂದಳು. "ಇವತ್ತೊಂದಿನಾ ನೋಡ್ರಿ. ನಾಳೆ ಮುಂಜಾನೆ ಬರ್ತೀನಿ. ಆದ್ರ ಡಾಕ್ಟರಿಗೆ ಮಾತ್ರ ಈಗ ತೋರಸ್ರಿ. ನಡೀರಿ, ಜೀಪಿನ್ಯಾಗ ಹೋಗೂಣು. ಕೂಸು ನಿಮ್ಮ ಉಡ್ಯಾಗ ಇರಲಿ."

ಜೀಪು ಹತ್ತುವಾಗಲೂ ನನಗೆ ಅನುಮಾನ. ಊರು ದಾಟಿಸಿ ಬೇರೆಲ್ಲಿಗಾದರೂ ಒಯ್ದರೆ ಎಂದು ಪ್ರತಿ ತಿರುವನ್ನೂ ನೋಡುತ್ತಿದ್ದೆ. ಹಾಗೇನೂ ಆಗಲಿಲ್ಲ. ಡಾಕ್ಟರು ಔಷಧಿ ಕೊಟ್ಟರು. ಅವಳು ನನ್ನನ್ನು ಲಾಡ್ಜಿನ ಬಾಗಿಲವರೆಗೆ ಬಿಟ್ಟು ಹೋದಳು. ಇಳಿಯುವಾಗ ಕೂಸಿನ ಪಾದವನ್ನು ಒಮ್ಮೆ ಮುಟ್ಟಿದಳು, ಅಷ್ಟೇ.

ದೀಪ ಹಚ್ಚುವ ಹೊತ್ತು. ನಮ್ಮವರು ಮತ್ತೆ ಬಸ್ ನಿಲ್ದಾಣಕ್ಕೆ ಹೋಗಿದ್ದರು. ಔಷಧಿಯ ನಿದ್ದೆಯಲ್ಲಿದ್ದ ಕೂಸಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತ ಕೂತಿದ್ದೆ. ಮೆಟ್ಟಿಲ ಮೇಲೆ ಯಾರೋ ಎಡವಿದ ಸದ್ದು. ಆಮೇಲೆ ಓಡಿಬಂದ ಬರಿಗಾಲ ಸದ್ದು.

"ಅಕ್ಕಾರ!"

ಬಾಗಿಲು ತೆಗೆದೆ. ಅವಳೇ. ಮಂಡಿಯವರೆಗೆ ಕೆಸರು, ಕೆದರಿದ ಕೂದಲು, ಒಂದು ಕೈಯಲ್ಲಿ ಬಳೆಗಳೇ ಇಲ್ಲ. ನನ್ನನ್ನು ದಾಟಿ ಒಳಗೆ ಬಂದು ಕೂಸನ್ನು ಎತ್ತಿಕೊಂಡವಳು ಅಲ್ಲೇ ನೆಲಕ್ಕೆ ಕುಸಿದು ಕೂತು ಎದೆಗೆ ಹಚ್ಚಿಕೊಂಡಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಕೂಸು ಬಾಯಿ ಹಾಕುತ್ತಲೇ ನೋವಿಗೆ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಆಗ ನೋಡಿದೆ, ಬಾಗಿಲ ಹೊರಗೆ ಒಬ್ಬ ಯುವಕ ಗೋಡೆಗೆ ಆತುಕೊಂಡು ನಿಂತಿದ್ದ. ಅವನಿಗೂ ಮೈಯೆಲ್ಲ ಕೆಸರು. ಅವನ ಹಿಂದೆ ನಮ್ಮವರು.

"ಹೊಸಪೇಟಿ ಬಸ್ಸಿಂದ ಇಳದ್ರು," ಎಂದರು ನಮ್ಮವರು. ಅವರ ಕಣ್ಣು ಒದ್ದೆಯಾಗಿದ್ದವು.

ಅವಳು ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಅವಳದು ಇಟಗಿಯ ಕಡೆ ಒಂದು ಹಳ್ಳಿ. ಬಾಣಂತನಕ್ಕೆ ತವರಿಗೆ ಬಂದವಳನ್ನು ಕಂಪ್ಲಿಯ ಅತ್ತೆಯ ಮನೆಯವರು ಕರೆಯಲೇ ಬರಲಿಲ್ಲ. ಗಂಡು ಕೂಸನ್ನು ಕಳಿಸಿ, ಅವಳು ತವರಿನಲ್ಲೇ ಇರಲಿ ಎಂದು ಭಾವ ಹೇಳಿ ಕಳಿಸಿದ್ದ. ಗಂಡ ಅಣ್ಣನ ಎದುರು ಬಾಯಿ ತೆರೆಯದವನು. ಗಂಡನನ್ನೇ ಮುಖಾಮುಖಿ ಕೇಳಿಬಿಡೋಣ ಎಂದು ತಾನಾಗಿಯೇ ಹೊರಟು ಬಂದಿದ್ದಳು.

"ಕೂಸನ್ನ ಒಯ್ದಿದ್ರ ಕಸ್ಕೊಂಡು ನನ್ನ ಹೊರಗ ಹಾಕ್ತಿದ್ರು ಅಕ್ಕಾರ. ಅದಕ್ಕ ಹೊಳಿ ಈಚಿಗೇ ಬಿಟ್ಟ ಹೋದೆ. ಕೂಸು ಎಲ್ಲಿ ಐತಿ ಹೇಳು, ಎಲ್ಲಿ ಐತಿ ಹೇಳು ಅಂತ ಅವರಣ್ಣ ಕೈ ತಿರುವಿದ. ನಾ ಹೇಳಲಿಲ್ಲ. ತಪ್ಪಿಸ್ಕೊಂಡು ಸೇತುವಿಗೆ ಬರೋದ್ರಾಗ ನೀರ ಮ್ಯಾಲ ಬಂದಿತ್ರಿ."

"ನೀರಾಗ ಇಳದಿದ್ಲು," ಎಂದ ಬಾಗಿಲಲ್ಲಿದ್ದ ಅವಳ ಗಂಡ. ಅವನು ಮಾತಾಡಿದ್ದು ಅದೇ ಮೊದಲು. "ಹಿಂದಿಂದ ಹೋಗಿ ಜಡಿ ಹಿಡದ ಎಳದೆ. ಕೂಸು ಲಾಡ್ಜಿನ್ಯಾಗ ಐತಿ, ಗುರುತಿಲ್ಲದವರ ಕೈಯಾಗ ಐತಿ ಅಂತ ಬಡಕೊಂಡ್ಲು. ಆಮ್ಯಾಲ ನಾ ಮನಿಗೆ ಹೋಗ್ಲಿಲ್ರಿ."

ರಾತ್ರಿ ಕಂಪ್ಲಿಯ ಗುಡಿಯಲ್ಲಿ ಕಳೆದು, ಸಿಕ್ಕ ಲಾರಿ ಹತ್ತಿ ಹೊಸಪೇಟೆಗೆ ಹೋಗಿ, ಮುನಿರಾಬಾದು, ಗಿಣಿಗೇರಾ ಸುತ್ತಿಕೊಂಡು ಇಬ್ಬರೂ ಗಂಗಾವತಿಗೆ ಬಂದಿದ್ದರು. ಬೆಳಿಗ್ಗೆ ಎದ್ದು ಅವಳ ತವರಿಗೆ ಹೋಗುವುದೆಂದೂ, ಅಲ್ಲೇ ಎಲ್ಲಾದರೂ ಕೂಲಿ ಹುಡುಕಿ ಬೇರೆ ಮನೆ ಮಾಡುವುದೆಂದೂ ಅವನು ಹೇಳಿದ. ಹೇಳುವಾಗ ಅವನ ದನಿಯಲ್ಲಿ ಧೈರ್ಯ ಕಡಿಮೆಯೇ ಇತ್ತು. ಆದರೂ ಕೂಸನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ, ನಾನು ಹಿಂದಿನ ದಿನ ಕೂತಂತೆಯೇ ಕಾಲು ಮಡಚಿಕೊಂಡು ಅಲುಗಾಡದೆ ಕೂತ.

ನಸುಕಿಗೇ ಅವರು ಹೊರಟರು. ಅವಳು ನನ್ನ ಕಾಲಿಗೆ ಬಗ್ಗಿದಳು. ನಾನು ಹಿಡಿದೆತ್ತಿದೆ. ಕೂಸಿನ ಹೆಸರು ಕೇಳಬೇಕೆಂದಿದ್ದವಳು ಆಗಲೂ ಮರೆತೆ.

ಹೇಳಿದಂತೆ ಬೆಳಿಗ್ಗೆ ಜೀಪು ಬಂತು. ಈ ಸಲ ಅದರ ಹಿಂದೆ ಮರದ ತೊಟ್ಟಿಲನ್ನೂ ಹಗ್ಗದಿಂದ ಕಟ್ಟಿದ್ದರು. ಯಜಮಾನರು ಸುದ್ದಿ ಹೇಳಲಾರದೆ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದರು. ನಾನೇ ಕೆಳಗಿಳಿದು ಹೋದೆ. ಆ ಹೆಂಗಸು ನನ್ನ ಬರಿಗೈ ನೋಡಿದಳು.

"ಬಂದ್ಲೇನ್ರಿ ತಾಯಿ?"

"ಬಂದ್ಲ್ರಿ. ನಿನ್ನೆ ಸಂಜಿಕ."

ಅವಳು ಹೂಂ ಎಂದು ತಲೆಯಾಡಿಸಿದಳು. ಗಿರಣಿಯ ಚಿಮಣಿಯ ಕಡೆ ನೋಡಿದಳು. "ಜ್ವರಾ ಇಳದಿದ್ವೇನ್ರಿ?" ಎಂದು ಕೇಳಿದಳು.

"ಇಳದಿದ್ವು."

"ಛಲೋ ಆತು," ಎಂದಳು. ಜೀಪು ಹತ್ತಿ ಗಂಡನ ಪಕ್ಕ ಕೂತ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜೀಪು ಹಮಾಲರ ನಡುವೆ ದಾರಿ ಮಾಡಿಕೊಂಡು ಓಣಿ ದಾಟುವವರೆಗೂ ನಾನು ರಸ್ತೆಯಲ್ಲೇ ನಿಂತಿದ್ದೆ. ಆಮೇಲೆ ಎದುರಿನ ಅಜ್ಜಿಗೆ ಒಳಲೆ ಕೊಟ್ಟು ಬರಲು ರಸ್ತೆ ದಾಟಿದೆ.